ಐಗಳಿಯ ಭಜನೆಯೂ ಅವಸರದ ಕರ್ನೆಲ್ಲೂ

ಅಥಣಿ ತಾಲೂಕಿನ ಐಗಳಿಯಲ್ಲಿ ನನ್ನ ತಂಗಿಯ ಮನೆಯಿದೆ. ದ್ರಾಕ್ಷಿಯ ಸೀಮೆ ಅದು. ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಳ್ಳಿಗಳಿಗೆ ಚಾಟನಿಯಾಗುತ್ತದೆ. ಸುಗ್ಗಿ ಬಂದರೆ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಹಗಲಿರುಳೆನ್ನದೆ ಕೆಲಸ ಸಾಗುತ್ತದೆ. ಇಷ್ಟರ ನಡುವೆಯೂ ಊರವರು ಭಜನೆಯನ್ನು ಬಿಟ್ಟವರಲ್ಲ. ಶ್ರಾವಣ ಬಂದಿತೆಂದರೆ ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ಏಕತಾರಿಗಳು ಹೊರಬೀಳುತ್ತವೆ. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯಿಂದ ಹಿಡಿದು ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ತ್ವಪದಗಳವರೆಗೆ ಬೆಳ್ಳಿ ಮೂಡುವ ತನಕ ಹಾಡುವ ಗಂಟಲುಗಳು ಆ ಕಡೆಯ ಊರುಗಳಲ್ಲಿ ಇನ್ನೂ ಇವೆ. ಆದರೆ ಅಂಥ ಗಂಟಲುಗಳ ಸರಾಸರಿ ವಯಸ್ಸು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತಂಗಿಯ ಓಣಿಯಲ್ಲಿ ಅಂಥ ಒಬ್ಬ ಅಜ್ಜನಿದ್ದಾನೆ. ಎಂಬತ್ತು ದಾಟಿದವನು. ಪುಸ್ತಕದಲ್ಲಿ ಅಚ್ಚಾಗದ ಪಾಠಾಂತರಗಳು, ಗುರುವಿನ ಬಾಯಿಂದಲೇ ಕಲಿತ ಧಾಟಿಗಳು ಅವನಲ್ಲಿವೆ. ಇವನ್ನು ಉಳಿಸಬೇಕೆಂದು ಹಟ ತೊಟ್ಟವನು ನನ್ನ ಸೋದರಳಿಯ. ಇಂಜಿನಿಯರಿಂಗ್ ಓದಿ ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿರುವ ಹುಡುಗ. ತನ್ನ ದುಡ್ಡಿನಲ್ಲಿ ಎರಡು ಮೈಕು, ಎರಡು ಮೈಕುಗಳ ದನಿಯನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕಳಿಸುವ ಪುಟ್ಟದೊಂದು ಧ್ವನಿಪೆಟ್ಟಿಗೆ, ಹಳೆಯದೊಂದು ಲ್ಯಾಪ್‌ಟಾಪು ಇಷ್ಟನ್ನು ಹೊಂದಿಸಿಕೊಂಡಿದ್ದ. ಅದರಲ್ಲಿ ಲಿನಕ್ಸ್ ಹಾಕಿದ್ದ. ದುಡ್ಡು ಕೊಡಬೇಕಾದುದಿಲ್ಲ, ಧ್ವನಿಮುದ್ರಣಕ್ಕೆ ಒಳ್ಳೆಯ ತಂತ್ರಾಂಶಗಳೂ ಅದರಲ್ಲಿ ಉಂಟು.

ಅಧಿಕ ಶ್ರಾವಣ ಬಂದಿದ್ದ 2023ನೆಯ ವರ್ಷ. ನಿಜ ಶ್ರಾವಣದ ಒಂದು ಸೋಮವಾರ ನಾನು ಅಲ್ಲಿದ್ದೆ. ಸಂಜೆ ಹುಡುಗ ಸಂಭ್ರಮದಿಂದ ಬಂದು, “ಮಾಮಾ, ಕರ್ನೆಲ್ ಬದಲ್ ಮಾಡೇನ್ರಿ. ಲೋ-ಲೇಟೆನ್ಸಿ ಹಾಕೇನಿ. ಇನ್ನ ಎರಡ ಮಿಲಿಸೆಕೆಂಡ್ ಸೈತ ತಡ ಆಗೂದಿಲ್ಲ” ಎಂದ. ಯಂತ್ರಗಳ ವಿಷಯದಲ್ಲಿ ತರುಣರ ಉತ್ಸಾಹಕ್ಕೆ ಅಡ್ಡಬರಬಾರದೆಂದು ನಾನು ನೋವುಂಡು ಕಲಿತಿದ್ದೇನೆ. ಆದ್ದರಿಂದ ಸುಮ್ಮನಿದ್ದೆ. ಸುಮ್ಮನಿದ್ದುದು ತಪ್ಪಾಯಿತೆಂದು ಬೆಳಗಾಗುವುದರೊಳಗೆ ತಿಳಿಯಿತು.

ನಡೆದುದನ್ನು ಹೇಳುವ ಮೊದಲು ಈ ಕರ್ನೆಲ್ ಎಂದರೇನೆಂಬುದನ್ನು ಒಂದಿಷ್ಟು ವಿವರಿಸಬೇಕು. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯ ತಿರುಳೇ ಕರ್ನೆಲ್. ಲಿನಕ್ಸಿನ ತಿರುಳನ್ನು ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಸಂಸ್ಕಾರಕವನ್ನು ಕೊಡಬೇಕು, ಯಾರನ್ನು ಕಾಯಿಸಬೇಕು, ಡಿಸ್ಕು ಕರೆದಾಗ ಓಡಬೇಕೋ ಧ್ವನಿಪೆಟ್ಟಿಗೆ ಕರೆದಾಗ ಓಡಬೇಕೋ ಎಂಬ ಪಂಚಾಯಿತಿಯೆಲ್ಲ ಈ ತಿರುಳಿನದು. ಸರಕಾರಿ ಕಚೇರಿಯ ಗುಮಾಸ್ತನನ್ನು ನೆನೆಯಿರಿ. ಕೈಯಲ್ಲಿರುವ ಕಡತವನ್ನು ಮುಗಿಸಿಯೇ ತಲೆಯೆತ್ತುವ ಗುಮಾಸ್ತ ಒಬ್ಬ. ಬಾಗಿಲಿಗೆ ಯಾರು ಬಂದರೂ ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸಿ “ಏನ್ರಿ?” ಎಂದು ಕೇಳುವವನು ಇನ್ನೊಬ್ಬ. ಎರಡನೆಯವನ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆದರೆ ಸಂಜೆಗೆ ಎಣಿಸಿ ನೋಡಿದರೆ ಮುಗಿದ ಕಡತಗಳು ಕಡಿಮೆ. ಕಡಿಮೆ ವಿಳಂಬದ ಕರ್ನೆಲ್ ಈ ಎರಡನೆಯ ಗುಮಾಸ್ತ.

ಧ್ವನಿಗೆ ಇದು ಏಕೆ ಬೇಕು? ಮೈಕಿನಿಂದ ಬಂದ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಅಳತೆಗಳನ್ನು ಒಂದು ಪುಟ್ಟ ಸಂಗ್ರಹದಲ್ಲಿ, ಅಂದರೆ ಬಫರಿನಲ್ಲಿ, ತುಂಬಲಾಗುತ್ತದೆ. ಸಂಗ್ರಹ ತುಂಬಿದಾಗ ಕಂಪ್ಯೂಟರು ಬಂದು ಅದನ್ನು ಬರಿದು ಮಾಡಿಕೊಂಡು ಹೋಗಬೇಕು. ಸಂಗ್ರಹದಲ್ಲಿ 1024 ಅಳತೆಗಳಿದ್ದರೆ ತುಂಬಲು ಸುಮಾರು 21 ಮಿಲಿಸೆಕೆಂಡು ಹಿಡಿಯುತ್ತದೆ. 64 ಅಳತೆಗಳಷ್ಟೇ ಇದ್ದರೆ ಒಂದೂಕಾಲು ಮಿಲಿಸೆಕೆಂಡಿಗೆ ತುಸು ಹೆಚ್ಚು. ಮೊದಲನೆಯದಕ್ಕೆ ಕಂಪ್ಯೂಟರು ಸೆಕೆಂಡಿಗೆ 47 ಸಲ ಬಂದರೆ ಸಾಕು. ಎರಡನೆಯದಕ್ಕೆ 750 ಸಲ ಬರಬೇಕು. ಒಮ್ಮೆ ತಡವಾದರೂ ಸಂಗ್ರಹ ಉಕ್ಕಿ, ಆ ಕ್ಷಣದ ದನಿ ನೆಲದ ಪಾಲು. ಹಾಗೆ ಚೆಲ್ಲಿಹೋದುದಕ್ಕೆ ಈ ವಿದ್ಯೆಯವರು ಎಕ್ಸ್‌ರನ್ ಎನ್ನುತ್ತಾರೆ. ಕೇಳುವವನಿಗೆ ಅದು ‘ಟಿಕ್’ ಎಂಬ ಸದ್ದು.

ಈಗ ಆ ರಾತ್ರಿಯ ಕಥೆ. ಅಳಿಯರಾಯ ಬಫರನ್ನು 64ಕ್ಕೆ ಇಳಿಸಿದ್ದ. ಯಾರೋ ಬಲ್ಲವರು ಬರೆದ ಸಲಹೆಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದ: ಸಂಸ್ಕಾರಕ ಎಂದೂ ತೂಕಡಿಸಬಾರದು, ವೇಗ ಎಂದೂ ಇಳಿಯಬಾರದು ಎಂದು ಕಟ್ಟಾಜ್ಞೆ ಹಾಕಿದ್ದ. ಒಂಬತ್ತು ಗಂಟೆಗೆ ಭಜನೆ ಆರಂಭವಾಯಿತು. ಒಂಬತ್ತೂವರೆಗೆ ಲ್ಯಾಪ್‌ಟಾಪಿನ ತಳ ರೊಟ್ಟಿಯ ಹಂಚಿನಂತೆ ಕಾದಿತು. ಒಳಗಿನ ಫ್ಯಾನು ಬೀಸತೊಡಗಿತು. ಅಜ್ಜನ ಮಗ್ಗುಲಲ್ಲೇ ಇದ್ದ ಆ ಯಂತ್ರದ ಬುಸುಗುಟ್ಟುವಿಕೆ ಏಕತಾರಿಯ ಶ್ರುತಿಯ ಜೊತೆಗೆ ಮೈಕಿನೊಳಗೆ ಇಳಿಯಿತು. ಹತ್ತೂವರೆಗೆ ಕರೆಂಟು ಹೋಯಿತು. ಎಂದಿನಂತಿದ್ದರೆ ಮೂರು ಗಂಟೆ ಬಾಳುವ ಬ್ಯಾಟರಿ ಅಂದು ಒಂದು ಗಂಟೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ಅಷ್ಟರೊಳಗಾದರೂ ಮುದ್ರಣಗೊಂಡುದನ್ನು ಮನೆಯಲ್ಲಿದ್ದ ಇನ್ನೊಂದು ಯಂತ್ರಕ್ಕೆ ಕಳುಹಿಸೋಣವೆಂದರೆ ವೈಫೈ ಇರಲಿಲ್ಲ. ಆ ವೈಫೈ ಸಾಧನದ ಚಾಲಕ ಕರ್ನೆಲ್ಲಿನ ಒಳಗೇ ಬಂದುದಲ್ಲ. ಹೊರಗಿನಿಂದ ತಂದು ಹಳೆಯ ಕರ್ನೆಲ್ಲಿಗೆ ಹೊಲಿದು ಕೂರಿಸಿದ್ದು. ಹೊಸ ಕರ್ನೆಲ್ಲಿಗೆ ಅದನ್ನು ಮತ್ತೆ ಹೊಲಿಯಬೇಕಾಗಿತ್ತು, ಹುಡುಗ ಮರೆತಿದ್ದ.

ಇಷ್ಟಾದರೂ ಹಾಡು ದಕ್ಕಿದ್ದರೆ ಚಿಂತೆಯಿರಲಿಲ್ಲ. ಮರುದಿನ ಮುಂಜಾನೆ ಕಿವಿಗೆ ಯಂತ್ರ ಏರಿಸಿಕೊಂಡು ಕೇಳಿದರೆ, ಅಜ್ಜ ದನಿಯೇರಿಸಿದ ಕಡೆಯಲ್ಲೆಲ್ಲ ಟಿಕ್, ಟಿಕ್. ಕಾದ ಸಂಸ್ಕಾರಕ ತನ್ನ ಪ್ರಾಣ ಉಳಿಸಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸಿಕೊಂಡಿತ್ತು. ಯಂತ್ರವೇ ಬೆವರಿ ಕುಳಿತರೆ ಕಟ್ಟಾಜ್ಞೆ ಏನು ಮಾಡೀತು? ಸೆಕೆಂಡಿಗೆ 750 ಸಲ ಓಡಿ ಬರಬೇಕಾದವನು ಅಲ್ಲಲ್ಲಿ ತಪ್ಪಿದ್ದ. ತಪ್ಪಿದ ಕಡೆಯಲ್ಲೆಲ್ಲ ಹಾಡಿನ ಒಂದೊಂದು ಚೂರು ಮಾಯವಾಗಿತ್ತು. ಹುಡುಗನ ಮುಖ ಸುಟ್ಟ ಬದನೆಕಾಯಿಯಂತಾಯಿತು.

ತಪ್ಪು ಯಾರದು ಎಂಬುದನ್ನು ನಿಷ್ಪಕ್ಷಪಾತವಾಗಿ ವಿಚಾರಿಸಬೇಕು. ಕರ್ನೆಲ್ ಒಂದರ ತಲೆಗೇ ಎಲ್ಲವನ್ನೂ ಕಟ್ಟುವುದು ಅನ್ಯಾಯ. ಗಡಿಯಾರದ ಬಡಿತ ಸೆಕೆಂಡಿಗೆ 250 ಇದ್ದುದು 1000 ಆದ ಮಾತ್ರಕ್ಕೆ ಲ್ಯಾಪ್‌ಟಾಪು ಒಲೆಯಾಗುವುದಿಲ್ಲ. ನಿದ್ದೆ ಮಾಡಬೇಡವೆಂಬ ಆಜ್ಞೆ, ಚಿಟಿಕೆಯಷ್ಟು ಬಫರು, ಕರ್ನೆಲ್ ಮೂರೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಒಂದನ್ನು ಕೊಂಡವನು ಉಳಿದೆರಡನ್ನೂ ಕೊಳ್ಳುತ್ತಾನೆ. ಆದರೆ ಮೂಲದ ತಪ್ಪು ಇನ್ನೂ ಹಿಂದಿನದು. ಆ ರಾತ್ರಿ ಕಂಪ್ಯೂಟರಿನ ಮೂಲಕ ಯಾರು ಏನನ್ನು ಕೇಳುತ್ತಿದ್ದರು? ಯಾರೂ ಇಲ್ಲ! ಅಜ್ಜ ತನ್ನ ದನಿಯನ್ನು ತನ್ನ ಕಿವಿಯಿಂದಲೇ ಕೇಳುತ್ತಿದ್ದ. ತಬಲಾದವನು ಅಜ್ಜನನ್ನು ನೇರವಾಗಿ ಕೇಳುತ್ತಿದ್ದ. ಕಂಪ್ಯೂಟರು ಬರಿಯ ಬರೆದುಕೊಳ್ಳುವವನು. ಅವನು 20 ಮಿಲಿಸೆಕೆಂಡು ತಡವಾಗಿ ಬರೆದುಕೊಂಡರೇನು, ಎರಡು ಸೆಕೆಂಡು ತಡವಾಗಿ ಬರೆದುಕೊಂಡರೇನು? ಹಾಡು ಅದೇ ಹಾಡು.

ಹಿಂದೆ ಟೇಪ್ ರೆಕಾರ್ಡರಿನ ಕಾಲದಲ್ಲಿಯೂ ಹೀಗೆಯೇ ಇತ್ತು. ಒಳ್ಳೆಯ ಯಂತ್ರಗಳಲ್ಲಿ ಬರೆಯುವ ತಲೆ ಬೇರೆ, ಓದುವ ತಲೆ ಬೇರೆ. ಅವೆರಡರ ನಡುವೆ ಎರಡು ಅಂಗುಲ ಅಂತರವಿದ್ದು ಟೇಪು ಸೆಕೆಂಡಿಗೆ ಏಳೂವರೆ ಅಂಗುಲ ಓಡುತ್ತಿದ್ದರೆ, ಮುದ್ರಣವಾದುದು ಕಿವಿಗೆ ಬರುವುದರೊಳಗೆ ಸೆಕೆಂಡಿನ ಕಾಲು ಭಾಗಕ್ಕೂ ಮಿಗಿಲಾದ ತಡ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಂಥ ಕೇಂದ್ರಗಳಲ್ಲಿ ದಶಕಗಳ ಕಾಲ ಗಾಯಕರು ಟೇಪಿಗೆ ಹಾಡಿದರು. ಆ ತಡ ಅವರ ಹಾಡನ್ನು ಕೆಡಿಸಲಿಲ್ಲ, ಏಕೆಂದರೆ ಹಾಡುವವರ ಕಿವಿಗೆ ಯಾರೂ ಅದನ್ನು ಸುರಿಯಲಿಲ್ಲ.

ವಿಳಂಬ ಕಾಡುವುದು ಒಂದೇ ಸಂದರ್ಭದಲ್ಲಿ: ದನಿ ಕಂಪ್ಯೂಟರಿನ ಒಳಹೊಕ್ಕು, ಅಲ್ಲಿ ಏನಾದರೂ ಸಂಸ್ಕಾರ ಪಡೆದು, ಹಾಡುವವನ ಅಥವಾ ನುಡಿಸುವವನ ಕಿವಿಗೆ ಆ ಕ್ಷಣವೇ ಮರಳಬೇಕಾದಾಗ. ಕೀಬೋರ್ಡಿನ ಮನೆ ಒತ್ತಿದರೆ ಕಂಪ್ಯೂಟರೇ ಸಿತಾರಿನ ದನಿ ಹೊರಡಿಸಬೇಕು ಎನ್ನುವವರಿಗೆ, ಗಿಟಾರಿನ ದನಿಯನ್ನು ಕಂಪ್ಯೂಟರಿನಲ್ಲೇ ಒರಟಾಗಿಸಿ ಕೇಳುತ್ತ ನುಡಿಸುವವರಿಗೆ ಅದು ನಿಜವಾದ ತೊಂದರೆ. ಅದರಲ್ಲಿಯೂ ಎಷ್ಟು ವಿಳಂಬ ಹೆಚ್ಚಾಯಿತು ಎಂಬುದಕ್ಕೊಂದು ಲೆಕ್ಕವುಂಟು. ಗಾಳಿಯಲ್ಲಿ ದನಿ ಒಂದು ಮಿಲಿಸೆಕೆಂಡಿಗೆ ಹೋಗುವುದು ಮೂವತ್ತನಾಲ್ಕು ಸೆಂಟಿಮೀಟರು, ಅಂದರೆ ಒಂದು ಅಡಿಗಿಂತ ತುಸು ಹೆಚ್ಚು. ಭಜನೆಯಲ್ಲಿ ಹಾರ್ಮೋನಿಯಂನವನಿಂದ ಹತ್ತಡಿ ದೂರ ಕುಳಿತ ತಾಳದವನಿಗೆ ಸ್ವರ ಮುಟ್ಟುವುದು ಒಂಬತ್ತು ಮಿಲಿಸೆಕೆಂಡು ತಡವಾಗಿ. ಅಷ್ಟು ವಿಳಂಬದಲ್ಲೇ ನಮ್ಮ ಅಜ್ಜಂದಿರು ತಲೆತಲಾಂತರದಿಂದ ತಾಳ ತಪ್ಪದೆ ಹಾಡಿದ್ದಾರೆ. ಎರಡು ಮಿಲಿಸೆಕೆಂಡಿಗಾಗಿ ಪ್ರಾಣ ಬಿಡುವವರು ಇದನ್ನು ಒಮ್ಮೆ ನೆನೆಯಬೇಕು. ಮೇಲಾಗಿ, ಧ್ವನಿಪೆಟ್ಟಿಗೆಯೊಳಗಿನ ಪರಿವರ್ತಕಗಳಿಗೂ ಯು.ಎಸ್.ಬಿ. ತಂತಿಯ ಸಾಗಾಟಕ್ಕೂ ತಮ್ಮದೇ ತಡವಿದೆ. ಅದನ್ನು ಯಾವ ಕರ್ನೆಲ್ಲೂ ಕಳೆಯಲಾರದು. ಗಾಯಕನಿಗೆ ತನ್ನ ದನಿಯೇ ಕಿವಿಯಲ್ಲಿ ಬೇಕೆಂದರೆ ಬಹುಪಾಲು ಧ್ವನಿಪೆಟ್ಟಿಗೆಗಳಲ್ಲಿ ಕಂಪ್ಯೂಟರನ್ನು ಬಳಸದೆ ನೇರವಾಗಿ ಕೇಳಿಸುವ ಗುಂಡಿಯೊಂದಿರುತ್ತದೆ. ಹುಡುಗನ ಪೆಟ್ಟಿಗೆಯಲ್ಲೂ ಇತ್ತು.

ಆ ಮಂಗಳವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಹುಡುಗ ತನ್ನ ತಂದೆಗೆ ಇದನ್ನೆಲ್ಲ ವಿವರಿಸಿದ. ನನ್ನ ಭಾವ ಕಂಪ್ಯೂಟರ್ ಮುಟ್ಟಿದವರಲ್ಲ. ರೊಟ್ಟಿ ಮುರಿಯುತ್ತ ಕೇಳಿ, ಕೊನೆಗೆ ಹೇಳಿದರು: “ನಮ್ಮ ತ್ವಾಟಕ್ಕ ಕೃಷಿಹೊಂಡ ಯಾಕ ತೆಗಸೇವಿ? ಕರೆಂಟ್ ಬಂದಾಗ ಬೋರಿನ ನೀರ ತುಂಬತೈತಿ, ಬ್ಯಾಡಾದಾಗ ಡ್ರಿಪ್ಪಿಗೆ ಬಿಡ್ತೇವಿ. ನೀ ಹೊಂಡಾ ಮುಚ್ಚಿ, ಕೊಡದಾಗ ನೀರ ಹಿಡದೀ. ಕೊಡಾ ಸಣ್ಣದಂತ ಮೋಟಾರ ನಿಮಿಷಕ್ಕೊಮ್ಮೆ ಚಾಲೂ-ಬಂದ್ ಮಾಡೀ. ಮೋಟಾರ ಸುಡದ ಏನ ಮಾಡ್ತೈತಿ?” ನಾನು ಇಷ್ಟು ಪುಟ ಬರೆದು ಹೇಳಿದುದನ್ನು ಅವರು ಎರಡನೆಯ ರೊಟ್ಟಿಯೊಳಗೆ ಮುಗಿಸಿದರು. ಒಂದನ್ನು ಮಾತ್ರ ಸೇರಿಸುತ್ತೇನೆ: ಮೋಟಾರು ಎಷ್ಟು ಚುರುಕಾದರೂ ಹೊಂಡ ಬೇಡವೆಂದಾಗುವುದಿಲ್ಲ.

ಈ ಕರ್ನೆಲ್ಲುಗಳ ಕುಟುಂಬದಲ್ಲಿ ಇನ್ನೂ ಕಟ್ಟುನಿಟ್ಟಾದ ಒಬ್ಬ ಹಿರಿಯನಿದ್ದಾನೆ. ಅವನನ್ನು ರಿಯಲ್‌ಟೈಮ್ ಕರ್ನೆಲ್ ಎನ್ನುತ್ತಾರೆ. ಇಂಗೊ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು 2004ರ ಸುಮಾರಿನಿಂದ ಅದಕ್ಕಾಗಿ ದುಡಿದರು. ಇಪ್ಪತ್ತು ವರ್ಷಗಳ ಕಾಲ ಅದು ಮುಖ್ಯ ಕರ್ನೆಲ್ಲಿನ ಹೊರಗೆ ತೇಪೆಯಾಗಿಯೇ ಇತ್ತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಸೇರಿದ ತಜ್ಞರ ಕೂಟದಲ್ಲಿ ಗ್ಲೈಕ್ಸ್‌ನರ್ ಕೊನೆಯ ಕೋರಿಕೆಯನ್ನು ಕಾಗದದ ಮೇಲೆ ಅಚ್ಚುಮಾಡಿಸಿ, ಚಿನ್ನದ ಬಣ್ಣದ ಹೊದಿಕೆಯಲ್ಲಿ ಸುತ್ತಿ ಟೋರ್ವಾಲ್ಡ್ಸರ ಕೈಗಿತ್ತರಂತೆ. ಅದೇ ನವೆಂಬರಿನಲ್ಲಿ ಹೊರಬಂದ 6.12ನೆಯ ಆವೃತ್ತಿಯಲ್ಲಿ ಅದು ಮನೆಯೊಳಗೆ ಸೇರಿತು. ಕಾರಖಾನೆಯ ಯಂತ್ರದ ತೋಳು, ಲೇಸರು ಮುಂತಾದ, ಒಮ್ಮೆಯೂ ತಡವಾಗಬಾರದ ಕೆಲಸಗಳಿಗೆ ಅದು ದೊಡ್ಡ ವರ. ಆದರೆ ವರಕ್ಕೆ ಬೆಲೆಯುಂಟು. ಒಂದು ಕೆಲಸ ಹಿಡಿದ ಬೀಗಕ್ಕಾಗಿ ಇನ್ನೊಂದು ಅಲ್ಲೇ ಗಿರಕಿ ಹೊಡೆಯುತ್ತ ಕಾಯುತ್ತಿದ್ದ ಕಡೆಗಳಲ್ಲಿ, ಈ ಕರ್ನೆಲ್ಲು ಕಾಯುವವನನ್ನು ಮಲಗಿಸಿ ಬೇರೆಯವನನ್ನು ಎಬ್ಬಿಸುತ್ತದೆ. ಏಳಿಸುವುದು, ಮಲಗಿಸುವುದು, ಇದರಲ್ಲೇ ಸಂಸ್ಕಾರಕದ ಒಂದಷ್ಟು ಶಕ್ತಿ ವೆಚ್ಚವಾಗುತ್ತದೆ. ಒಟ್ಟು ಕೆಲಸ ಕುಗ್ಗುತ್ತದೆ. ಹತ್ತಾರು ಪದರಗಳ ಹಾಡನ್ನು ಬೆರೆಸಿ ಒಂದು ಕಡತವಾಗಿಸುವವನಿಗೆ ಬೇಕಾದುದು ಒಟ್ಟು ಕೆಲಸವೇ ಹೊರತು ತಕ್ಷಣದ ಓಗೊಡುವಿಕೆಯಲ್ಲ. ಹೊರಗಿನ ಕಂಪೆನಿಗಳು ತಾವೇ ಬರೆದು ಕೊಡುವ ಚಿತ್ರಫಲಕದ ಚಾಲಕಗಳ ಪಾಡು ಬೇರೆ. ಎನ್ವಿಡಿಯಾದ ಚಾಲಕವಂತೂ ಈ ಬಗೆಯ ಕರ್ನೆಲ್ಲನ್ನು ಕಂಡರೆ ಕೂರಲೊಲ್ಲೆನೆಂದು ಬಹುಕಾಲ ಹಟ ಹಿಡಿದಿತ್ತು.

ಇನ್ನೊಂದು ಅಪಾಯವನ್ನು ಹೇಳದೆ ಇರಲಾರೆ. ಧ್ವನಿಯ ತಂತ್ರಾಂಶಗಳಿಗೆ ಉಳಿದೆಲ್ಲದಕ್ಕಿಂತ ಮೇಲಿನ ಅಧಿಕಾರ ಕೊಡುವುದು ವಾಡಿಕೆ. ಅಂಥ ಅಧಿಕಾರ ಪಡೆದ ತಂತ್ರಾಂಶ ಹುಚ್ಚೆದ್ದು ಒಂದೇ ಕಡೆ ಸುತ್ತತೊಡಗಿದರೆ ಮೌಸು ಕದಲುವುದಿಲ್ಲ, ಕೀಲಿಮಣೆ ಓಗೊಡುವುದಿಲ್ಲ. ಇದನ್ನು ಮುಂದಾಗಿ ಕಂಡೇ ಲಿನಕ್ಸಿನವರು ಪ್ರತಿ ಸೆಕೆಂಡಿನಲ್ಲಿ 950 ಮಿಲಿಸೆಕೆಂಡಿಗಿಂತ ಹೆಚ್ಚು ಅಂಥವರಿಗೆ ಸಲ್ಲದೆಂದು ಕಟ್ಟಳೆ ಇಟ್ಟಿದ್ದಾರೆ. ಉಳಿದ 50 ಮಿಲಿಸೆಕೆಂಡು ಬಡವರ ಪಾಲು. ಕೆಲವರು ಧ್ವನಿಯ ಮೋಹದಲ್ಲಿ ಆ ಕಟ್ಟಳೆಯನ್ನೂ ತೆಗೆದುಹಾಕುತ್ತಾರೆ. ಅವರಿಗೆ ದೇವರೇ ಗತಿ. ಇಷ್ಟೆಲ್ಲ ಮಾಡಿದ ಮೇಲೂ ಕರ್ನೆಲ್ಲಿನ ಕಣ್ಣಿಗೆ ಬೀಳದಂತೆ ಯಂತ್ರದ ಮೂಲ ತಂತ್ರಾಂಶವೇ, ಶಾಖ ನೋಡಲೆಂದೋ ಬ್ಯಾಟರಿ ವಿಚಾರಿಸಲೆಂದೋ, ಸಂಸ್ಕಾರಕವನ್ನು ಕ್ಷಣಕಾಲ ಎತ್ತಿಕೊಂಡು ಹೋಗಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಈ ಚಾಳಿ ಜಾಸ್ತಿ. ಕರ್ನೆಲ್ಲನ್ನು ಹತ್ತು ಸಲ ಬದಲಿಸಿದರೂ ಆ ಟಿಕ್ ಸದ್ದು ಹೋಗದು.

ಹಾಗಾದರೆ ಇಂದು ಧ್ವನಿಯ ಕೆಲಸ ಮಾಡುವವನಿಗೆ ಪ್ರತ್ಯೇಕ ಕರ್ನೆಲ್ ಬೇಕೆ? ಮೊದಲಿನಷ್ಟು ಬೇಡ ಎಂಬುದು ನನ್ನ ಅಭಿಪ್ರಾಯ. 2021ರಲ್ಲಿ ಬಂದ 5.12ನೆಯ ಆವೃತ್ತಿಯಿಂದ, ಅದಕ್ಕೆ ಸಜ್ಜಾದ ಕರ್ನೆಲ್ಲುಗಳಲ್ಲಿ, ಕರ್ನೆಲ್ಲು ಎಷ್ಟರ ಮಟ್ಟಿಗೆ ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳಬೇಕು ಎಂಬುದನ್ನು ಯಂತ್ರ ಆರಂಭವಾಗುವಾಗ ಒಂದು ಮಾತಿನಿಂದ ಗೊತ್ತುಮಾಡಬಹುದು, ಕರ್ನೆಲ್ಲನ್ನೇ ಬದಲಿಸಬೇಕಾಗಿಲ್ಲ. ಉಬುಂಟುವಿನವರು 2024ರ ಅಕ್ಟೋಬರಿನ 24.10ನೆಯ ಆವೃತ್ತಿಯಲ್ಲಿ ತಮ್ಮ ಸಾಮಾನ್ಯ ಕರ್ನೆಲ್ಲಿನ ಬಡಿತವನ್ನೇ 250ರಿಂದ 1000ಕ್ಕೆ ಏರಿಸಿದರು. ಬೇರೆಯವರು ಕಟ್ಟಿದ ಕರ್ನೆಲ್ಲನ್ನು ತಂದು ಕೂರಿಸಿದರೆ, ಭದ್ರತೆಯ ತಿದ್ದುಪಡಿಗಳು ಅವರು ಮನಸ್ಸು ಮಾಡಿದಾಗಲಷ್ಟೇ ಬರುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲು ಬಫರನ್ನು ಹಿಗ್ಗಿಸಿ ನೋಡಿ, ವೈಫೈ ಆರಿಸಿ ನೋಡಿ, ಧ್ವನಿಪೆಟ್ಟಿಗೆಯನ್ನು ಬೇರೆ ಯು.ಎಸ್.ಬಿ. ಕಿಂಡಿಗೆ ಚುಚ್ಚಿ ನೋಡಿ. ಇಷ್ಟಕ್ಕೂ ಟಿಕ್ ನಿಲ್ಲದಿದ್ದರೆ, ಮತ್ತು ನುಡಿಸುವವರ ಕಿವಿಗೆ ದನಿ ಕಂಪ್ಯೂಟರಿನಿಂದಲೇ ಬರಬೇಕಾಗಿದ್ದರೆ, ಆಗ ಕರ್ನೆಲ್ಲಿನ ಯೋಚನೆ.

ಐಗಳಿಯ ಮಾತು ಅರ್ಧಕ್ಕೆ ನಿಂತಿತು. ಅಜ್ಜನನ್ನು ಮತ್ತೊಮ್ಮೆ ಹಾಡಿಸಬೇಕೆಂದು ಹುಡುಗ ಮರುವಾರವೇ ಹೋದ. “ಹಾಡಿದ್ದು ಹಾಡಿಯಾತು, ಸುಗ್ಗಿ ಮುಗೀಲಿ” ಎಂದ ಅಜ್ಜ. ಸುಗ್ಗಿ ಮುಗಿದಾಗ ಅವನಿಗೆ ಕೆಮ್ಮು. ಕೆಮ್ಮು ಮುಗಿದಾಗ ಚಾಟನಿ. ಅಂತೂ 2025ರ ಶ್ರಾವಣದಲ್ಲಿ ಕೂಡಿಬಂತು. ಈ ಸಲ ಸಾಮಾನ್ಯ ಕರ್ನೆಲ್, 1024ರ ಬಫರು, ವೈಫೈ ಬಂದ್. ಲ್ಯಾಪ್‌ಟಾಪನ್ನು ಪಕ್ಕದ ಕೋಣೆಯಲ್ಲಿಟ್ಟು ಉದ್ದನೆಯ ತಂತಿ ಎಳೆದಿದ್ದ. ಕರೆಂಟು ಎರಡು ಸಲ ಹೋಯಿತು, ಯಂತ್ರ ಮಿಸುಕಲಿಲ್ಲ. ಬೆಳಗಿನ ಜಾವದವರೆಗೆ ಒಂದೂ ಟಿಕ್ ಇಲ್ಲ. ಫ್ಯಾನಿನ ಉಸಿರೂ ಇಲ್ಲ. ಏಕತಾರಿಯ ಝೇಂಕಾರ ಮಾತ್ರ.

ಆದರೆ ಒಂದು ಪದದಲ್ಲಿ ಮೂರನೆಯ ನುಡಿ ಇರಲಿಲ್ಲ. ಎರಡು ವರ್ಷದ ಹಿಂದೆ ಹಾಡಿದ್ದ ನುಡಿ. ಹುಡುಗ ಮೆಲ್ಲಗೆ ಕೇಳಿದ. ಅಜ್ಜ ಬಹಳ ಹೊತ್ತು ಏಕತಾರಿಯ ತಂತಿಯ ಮೇಲೆ ಬೆರಳಿಟ್ಟುಕೊಂಡು ಕುಳಿತ, “ಬರವಲ್ದು” ಎಂದ. ಯಾವ ಪುಸ್ತಕದಲ್ಲೂ ಆ ನುಡಿ ನಮಗೆ ಸಿಕ್ಕಿಲ್ಲ. ಆದ್ದರಿಂದ ಈಗ ಅದು ಇರುವುದು ಆ 2023ರ ರಾತ್ರಿಯ ಮುದ್ರಣದಲ್ಲಿ ಮಾತ್ರ, ಫ್ಯಾನಿನ ಬುಸುಗುಟ್ಟುವಿಕೆಯ ಹಿಂದೆ, ಹದಿನೇಳು ಟಿಕ್‌ಗಳ ನಡುವೆ. ಎರಡು ಕಡೆ ಪದದ ಒಂದೊಂದು ಅಕ್ಷರವೇ ಹಾರಿಹೋಗಿದೆ. ಹುಡುಗ ಸಂಜೆ ತೋಟದಿಂದ ಬಂದ ಮೇಲೆ ಕುಳಿತು, ದನಿಯ ಗೆರೆಯನ್ನು ಪರದೆಯ ಮೇಲೆ ಹಿಗ್ಗಿಸಿ, ಕಡಿದ ಕಡೆಗಳನ್ನು ಒಂದೊಂದಾಗಿ ಕೈಯಿಂದ ಬೆಸೆಯುತ್ತಿದ್ದಾನೆ. ಟಿಕ್ ಹೋಗುತ್ತದೆ, ಹೋದ ಅಕ್ಷರ ಬರುವುದಿಲ್ಲ.

ಹೋದ ತಿಂಗಳು ನಾನು ಹೋದಾಗ ಆ ತುಂಡನ್ನು ಅಜ್ಜನಿಗೆ ಕೇಳಿಸಿದೆವು, ತನ್ನ ದನಿ ಕೇಳಿಯಾದರೂ ಆ ಅಕ್ಷರಗಳು ನೆನಪಾಗಲೆಂದು. ಕಣ್ಣು ಮುಚ್ಚಿ ಕೇಳಿದ. ಇನ್ನೂ ಬೆಸೆಯದೆ ಉಳಿದಿದ್ದ ಒಂದು ಟಿಕ್ ಬಂದೊಡನೆ ಹುಬ್ಬು ಗಂಟಿಕ್ಕಿದ.

“ಈ ತಾಳದಾಂವ ಆವತ್ತ ಹಿಂಗ್ಯಾಕ ತಪ್ಪಿದ್ದೋ?”

“ತಾಳದವರ ತಪ್ಪಲ್ಲಜ್ಜಾ, ನಂದ ತಪ್ಪು” ಎಂದ ಹುಡುಗ.

“ನೀ ಎಲ್ಲಿ ತಾಳಾ ಹಿಡದಿದ್ದೆಪಾ?” ಎಂದು ಅಜ್ಜ ನಕ್ಕು, ಮತ್ತೊಮ್ಮೆ ಹಚ್ಚಲು ಹೇಳಿದ.